ಡ್ರೈವರ್ ವಿಷಯ ಮುಚ್ಚಿಟ್ಟಿದ್ದು ಯಾರಿಗಾಗಿ?

ಸ್ಕೂಲ್ ವ್ಯಾನಿನ ಸೀಟುಗಳಿಗೆ ಕವರ್ ಹೊಲಿಸಲು ಬಂದಿದ್ದ ಮಾಲೀಕನನ್ನು ಆ ವ್ಯಾನಿನಲ್ಲಿ ಹೋಗುವ ಹುಡುಗಿಯೊಬ್ಬಳ ತಾಯಿ ಟೈಲರ್ ಅಂಗಡಿಯ ಬಾಗಿಲಲ್ಲೇ ತಡೆದಳು.

“ನಿಮ್ಮ ಹೊಸ ಡ್ರೈವರ್ ಕುಡಿದು ಗಾಡಿ ಓಡಿಸಿ, ಒಂದು ಮಗೂನ ಕೊಂದು ಜೈಲಿಗೆ ಹೋಗಿದ್ದನಂತೆ. ಗೊತ್ತಿತ್ತಾ ನಿಮಗೆ?”

ಒಳಗೆ ಬಟ್ಟೆ ಅಳೆಯುತ್ತಿದ್ದ ಟೈಲರ್ ತಲೆಯೆತ್ತಿದ. ಅವನ ಮೊಮ್ಮಗಳೂ ಅದೇ ವ್ಯಾನಿನಲ್ಲಿ ಹೋಗುತ್ತಿದ್ದಳು.

“ಗೊತ್ತಿತ್ತಮ್ಮ” ಎಂದ ಮಾಲೀಕ. “ಶಿಕ್ಷೆ ಮುಗಿಸಿ ಬಂದಿದ್ದಾನೆ. ಈಗ ಒಂದು ತೊಟ್ಟೂ ಮುಟ್ಟಲ್ಲ. ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ?”

“ಊರಿನ ಮಾತು ಬಿಡಿ. ದಿನಾ ಮಗಳನ್ನ ಅವನ ಕೈಗೆ ಕೊಡೋಳು ನಾನು. ನನಗೆ ಹೇಳೋಕೆ ನಿಮ್ಮ ಬಾಯಿಗೆ ಬೀಗ ಬಿದ್ದಿತ್ತಾ?”

“ಹೇಳಿದ್ರೆ ಅವನ ಹೊಟ್ಟೆ ಮೇಲೆ ಹೊಡೆದ ಹಾಗಾಗ್ತಿತ್ತು. ಅವನಿಗೂ ಮಾನ ಇರುತ್ತಲ್ವಾ?”

“ಹೇಳಬೇಡಿ ಅಂತ ಅವನೇ ಅಂದನಾ?”

ಮಾಲೀಕ ಟೈಲರ್ ಕಡೆ ನೋಡಿದ.

“ಅಲ್ಲೇನು ನೋಡ್ತೀರಿ? ಕೇಳಿದ್ದು ನಾನು!”

“ಇಲ್ಲ… ಸೇರಿದ ದಿನಾನೇ ‘ಅಣ್ಣಾ, ಮಕ್ಕಳ ಮನೆಯೋರಿಗೆ ಹೇಳಿಬಿಡಿ’ ಅಂದ. ವ್ಯಾನ್ ಖಾಲಿ ಆಗುತ್ತೆ ಅಂತ ನಾನೇ ಅವನ ಬಾಯಿ ಮುಚ್ಚಿಸಿದೆ.”

“ಅಂದ್ರೆ ಉಳಿಸಿಕೊಂಡಿದ್ದು ಅವನ ಮಾನ ಅಲ್ಲ, ನಿಮ್ಮ ವ್ಯಾಪಾರ. ನಾಳೆ ಅವನೇ ನಮ್ಮನೆಗೆ ಬಂದು ಹೇಳಲಿ. ಮಗಳನ್ನ ಕಳಿಸೋದು ಬಿಡೋದು ಆಮೇಲೆ ನೋಡ್ತೀನಿ. ನೀವು ಮಾತ್ರ ಬರಬೇಡಿ!”

ಅವಳು ದಡದಡನೆ ಮೆಟ್ಟಿಲಿಳಿದಳು. “ಅಮ್ಮಾ, ಒಂದು ನಿಮಿಷ” ಎನ್ನುತ್ತ ಮಾಲೀಕ ಹಿಂದೆಯೇ ಓಡಿದ.

ಟೈಲರ್ ಸೀಟು ಕವರಿನ ಬಟ್ಟೆಗೆ ಕತ್ತರಿ ತಾಗಿಸಲಿಲ್ಲ. ಮಡಚಿ, ಹೊರಗಿನ ಬೆಂಚಿನ ಮೇಲಿಟ್ಟ.