ಮೊದಲನೇ ಉಡಿ

ಹಂಗ್ಯಾಕ ಬಾಗಲಾ ನೋಡತೀರಿ ಅಕ್ಕಾರ? ಚಿಲಕಾ ನಾನ ಹಾಕೇನಿ. ಕುಂದರ್ರಿ. ಮಾತ ಮುಗಿಯೂತನಕಾ ಯಾರೂ ಒಳಗ ಬರೂದಿಲ್ಲ, ನೀವೂ ಹೊರಗ ಹೋಗೂದಿಲ್ಲ. ಒಲಿ ಮ್ಯಾಲೆ ಹಾಲ ಇಟ್ಟೇನಿ ಅಂತ ನೆವಾ ಹೇಳಬ್ಯಾಡ್ರಿ, ಒಲಿ ಆರಿಸೇ ಬಂದೇನಿ. ನಾಕ ಗಂಟೆಕ್ಕ ಟ್ರಸ್ಟಿನ ಅಂದಾನೆಪ್ಪನವರು ಕ್ಯಾಮೆರಾದವರನ್ನ ಕರಕೊಂಡ ಈ ಪಡಸಾಲಿಗೇ ಬರತಾರ. ಈಗ ಎರಡೂವರಿ ಆಗೇತಿ. ಅಷ್ಟರಾಗ ನಿಮ್ಮ ಬಾಯಿಂದ ನನಗ ಒಂದ ಮಾತ ಬೇಕು. ಒಂದ...

ನಿನ್ನಿ ಸವದತ್ತ್ಯಾಗ ಯಾಕ ಎದ್ದ ಹೋದ್ರಿ?

ಅಲ್ಲ, ಹೇಳ್ರಿ. ಕಲ್ಯಾಣ ಮಂಟಪ ತುಂಬಿತ್ತು. ಗಂಡನ್ನ ಕಳಕೊಂಡ ನಲವತ್ತ ಹೆಣ್ಮಕ್ಕಳು ಹಸರ ಸೀರಿ ಉಟ್ಕೊಂಡ ಸಾಲಾಗಿ ಕುಂತಿದ್ರು, ಉಡಿ ತುಂಬಿಸ್ಕೊಳ್ಳಾಕ. ಇಪ್ಪತ್ತ ವರ್ಷದ ಮ್ಯಾಲೆ ಕೈಗೆ ಬಳಿ ಏರಿಸಿದವರು ಇದ್ರು ಅದರಾಗ. ಮುಟ್ಟಿ ಮುಟ್ಟಿ ನೋಡ್ಕೋತಿದ್ರು, ಪಾಪ. ನಾ ಕಿರೀಟಾ ಇಟ್ಕೊಂಡ, ‘ಮಿಸೆಸ್ ಮಲಪ್ರಭಾ’ ಅಂತ ಬರದ ಪಟ್ಟಿ ಹಾಕ್ಕೊಂಡ, ಮೈಕ್ ಹಿಡದ ಎಲ್ಲಾರ ಮುಂದ ಹೇಳಿದ್ನಿ. ಮೊದಲನೇ ಉಡಿ ನಮ್ಮ ಮನಿ ಹಿರೀ ಸೊಸಿಗೆ, ನನ್ನ ನೆಗೆಣ್ಣಿ ಗಂಗಕ್ಕಗ ಅಂತ. ನಮ್ಮ ಭಾವಾರು ತೀರ್ಕೊಂಡ ಒಂಬತ್ತ ವರ್ಷ ಆತು, ಆಕಿ ನಮ್ಮ ಮನೀ ದೀಪಾ ಅಂತ... ಹೂಂ, ದೀಪಾ ಅಂದ್ನಿ. ಜನಾ ಚಪ್ಪಾಳಿ ಹೊಡದ್ರು. ನೀವು ಎದ್ರಿ. ನಾ ಖುಷಿಲೆ ಎರಡ ಹೆಜ್ಜಿ ಮುಂದ ಬಂದ್ನಿ. ನೀವು ಆ ಕಡೆ ಹೊಳ್ಳಿದ್ರಿ. ಹೊರಗ ಹೋಗಿ ಚಪ್ಪಲ್ ಬಿಡೂ ಕಟ್ಟಿ ಮ್ಯಾಲೆ ಕುಂತ್ರಿ.

ಚಪ್ಪಲ್ ಬಿಡೂ ಕಟ್ಟಿ ಮ್ಯಾಲೆ, ಅಕ್ಕಾರ.

ಅಕ್ಕಾರಿಗೆ ಬಿಸಲಿಗೆ ತ್ರಾಸ ಆಗೇತಿ ಅಂತ ಹೇಳಿ ನಕ್ನಿ ನಾ. ನಗೂದು ಕಲಸ್ಯಾರ ನಮಗ ಆ ಕಿರೀಟದ ಸ್ಪರ್ಧೆದಾಗ, ಹಲ್ಲ ಎಷ್ಟ ಕಾಣಬೇಕು ಅನ್ನೂದನ್ನೂ ಕಲಸ್ಯಾರ. ಖರೆ ಅಂದಾನೆಪ್ಪನವರು ನಗಲಿಲ್ಲ. ಊಟದ ಮುಂದ ನನ್ನ ಬಾಜೂಕ ಕುಂತು, ತಾಯಿ, ಇದೆಲ್ಲಾ ನಿಮ್ಮ ಮನ್ಯಾಗಿಂದ ಸುರು ಆತು ಅಂತೀರಿ, ಆ ಮನಿ ಒಮ್ಮೆ ನೋಡೂಣಲ್ಲ ಅಂದ್ರು. ಹಗುರಕ ಅಂದ್ರು. ಆ ದನಿ ನಿಮಗ ಗೊತ್ತಿಲ್ಲ. ಅವರ ಟ್ರಸ್ಟ್ ಕೈ ಬಿಟ್ರ ರಾಮದುರ್ಗದ ಹೊಲಿಗಿ ಕೇಂದ್ರಾ ಬಾಗಲಾ ತಗಿಯೂದಿಲ್ಲ. ಮೂವತ್ತ ಜನಾ ಹೆಸರ ಬರಸ್ಯಾರ ಅಲ್ಲೆ. ಎಲ್ಲಾರೂ ನಿಮ್ಮಂತವರ. ಒಬ್ಬಾಕಿ ದಿನಾ ಮುಂಜಾನೆ ಫೋನ್ ಹಚ್ಚತಾಳ, ಬಾಯಾರ ಯಾವಾಗ ಚಾಲೂ ಆಗತೈತ್ರಿ ಅಂತ. ಏನ ಹೇಳ್ಲಿ ಆಕಿಗೆ? ನಮ್ಮ ಅಕ್ಕಾರು ಸಿಟ್ಟಾಗ್ಯಾರ, ನೀ ಇನ್ನೊಬ್ಬರ ಮನ್ಯಾಗ ಮುಸರಿ ತಿಕ್ಕೋತ ಇರು ಅನ್ಲ್ಯಾ?

ಈಗ ನಕ್ರ್ಯಾ? ನಕ್ಕದ್ದಲ್ಲೇನು ಅದು?

ಗೊತ್ತೈತಿ ನಿಮ್ಮ ಮನಸಿನ್ಯಾಗ ಏನೈತಿ ಅಂತ. ವಯಸ್ಸಾದ ಮ್ಯಾಲೆ ಈ ಮನಿ ಸಣ್ಣ ಸೊಸಿಗೆ ಬಣ್ಣಾ ಬಡಕೊಳ್ಳೂ ಹುಚ್ಚ ಹಿಡದೈತಿ, ಧರ್ಮದ ಕೆಲಸಾ ಅದಕ ನೆವಾ, ಅಷ್ಟ ಹೌದಲ್ಲೋ? ಇಡೀ ಬೈಲಹೊಂಗಲ ಅಂತೈತಿ, ನೀವೂ ಅನ್ರಿ. ನಮ್ಮ ಮನಿಯವರ ಅಡತಿ ಅಂಗಡಿ ಮುಂದ ಕುಂತ ಅವರ ಸರೀಕರು ಚ್ಯಾಷ್ಟಿ ಮಾಡತಾರ, ಗೌರೀಶಪ್ಪ, ನಿನ್ನ ರಾಣಿ ಇವತ್ತ ಯಾವ ಊರಿಗೆ ಹೋಗ್ಯಾಳೋ ಅಂತ. ಕಿತ್ತೂರ ಸಂತ್ಯಾಗ ದೇಣಿಗಿ ಡಬ್ಬಿ ಹಿಡದ ನಿಂತೇನಿ ನಾ, ಮಟಮಟ ಮಧ್ಯಾಹ್ನ. ಒಬ್ಬಾಂವ ಮಾರಿ ಮ್ಯಾಲೇ ಅಂದ, ಗಂಡ ಗಟ್ಟಿ ಇದ್ದಾಕಿ ನೀ, ರಂಡಿ-ಮುಂಡ್ಯಾರ ಉಸಾಬರಿ ನಿನಗ್ಯಾಕ ಅಂತ. ಆ ಶಬ್ದಾ ಕೇಳಿ ನನ್ನ ಮೈ ಉರದಿತ್ತು. ನಿಮ್ಮ ನೆನಪ ಬಂದಿತ್ತು ಅಕ್ಕಾರ, ದೇವರಾಣಿ. ಅಂವನ ಜೋಡಿ ಜಗಳಾ ತಗದ ಅಂವನ ಕೈಲೇ ಡಬ್ಬ್ಯಾಗ ನೂರ ರೂಪಾಯಿ ಹಾಕಿಸೇನಿ. ಅದು ಆಟ ಏನು? ಹೇಳ್ರಿ, ಅದು ಆಟ ಏನು?

ಮತ್ತ್ಯಾಕ ಹಿಂಗ ನೋಡತೀರಿ...

ಓ. ಸ್ಪರ್ಧೆದಾಗ ನಾ ಕೊಟ್ಟ ಆ ಉತ್ತರಾ. ಮೊಬೈಲಿನ್ಯಾಗ ನೋಡೀರಿ ಹಂಗಾರ. ಯಾರ ತೋರ್ಸಿದ್ರು? ಲೀಲಾನ ತೋರ್ಸಿರಬೇಕು. ನನ್ನ ಹೊಟ್ಟ್ಯಾಗ ಹುಟ್ಟಿ ನಿಮ್ಮ ಕಡೆ ಆಕಿ.

ಹೂಂ, ಅಂದೇನಿ. ಕಡೀ ಪ್ರಶ್ನಾ ಅದು. ಐದ ಜನಾ ಉಳದಿದ್ವಿ. ಜಡ್ಜ್ ಬಾಯಾರು ಕೇಳಿದ್ರು, ಸಮಾಜ ಬದಲ ಮಾಡತೇನಿ ಅಂತೀರಿ, ನಿಮ್ಮ ಮನ್ಯಾಗ ಏನ ಬದಲ ಮಾಡೀರಿ ಅಂತ. ಅಷ್ಟ ದೀಪದ ಬೆಳಕ ಕಣ್ಣಾಗ... ನನ್ನ ಬಾಯಿ ತನ್ನಷ್ಟಕ್ಕ ತಾನ ಹೇಳಿತು. ನನ್ನ ಬಸರಿ ಮಗಳ ಕುಬಸದ ಕಾರ್ಯದಾಗ ನಾ ಮೊದಲನೇ ಉಡಿ ತುಂಬಿದ್ದು ನನ್ನ ವಿಧವಾ ನೆಗೆಣ್ಣಿಗೆ, ನನ್ನ ಕೈಲೆ ಆಕಿ ಹಣಿಗೆ ಕುಂಕುಮಾ ಹಚ್ಚೇನಿ, ಆಮ್ಯಾಲೆ ನನ್ನ ಮಗಳಿಗೆ ಆಕೀನ ಆರತಿ ಮಾಡಿದ್ಲು ಅಂತ. ಎಲ್ಲಾರೂ ಎದ್ದ ನಿಂತ್ರು. ಒಬ್ಬ ಜಡ್ಜ್ ಕಣ್ಣ ಒರಸಿಕೊಂಡ್ರು. ಕಿರೀಟಾ ಆ ಮಾತಿಗೆ ಬಂತು.

ಸುಳ್ಳ. ಹೂಂ, ಸುಳ್ಳ ಅದು. ಸಾಕೇನು? ಆ ಒಂದ ಸುಳ್ಳಿನ ಮ್ಯಾಲೆ ಹದಿನೆಂಟ ಊರಾಗ ಕಾರ್ಯಕ್ರಮಾ ಆಗ್ಯಾವು. ಅದು ಸುಳ್ಳಲ್ಲ. ಆ ಬಳಿ ಸುಳ್ಳಲ್ಲ. ರಾಮದುರ್ಗದ ಮಷಿನ್ನು ಸುಳ್ಳಲ್ಲ.

ಮತ್ತ ಅವತ್ತ ನೀವು ಮನ್ಯಾಗ ಇದ್ದಿದ್ರ ನಾ ಹಂಗ ಮಾಡತಿದ್ನಿ. ಮಾಡೇ ಮಾಡತಿದ್ನಿ. ನೀವ ಇರಲಿಲ್ಲ. ಸೋದರತ್ತಿ ಕೃಷ್ಣವ್ವಗ ಆರಾಮಿಲ್ಲ ಅಂತ ರಾಮದುರ್ಗಕ್ಕ ಹೋಗಿದ್ರಿ. ನಾ ಹೋಗ್ರಿ ಅಂದೇನೇನು? ನಾಕ ದಿನಾ ಬಿಟ್ಟ ಹೋಗ್ರಿ ಅಂದಿದ್ನಿ ನಾ. ಅಂದಿರಲಿಲ್ಲೇನು?... ಅಂದಿರಲಿಲ್ಲ? ಇರ್ಲಿ, ಅನ್ನಬೇಕಂತ ಮಾಡಿದ್ನಿ. ಗದ್ದಲದಾಗ ಮರತ್ನಿ. ನಮ್ಮ ಮನಿಯವರ ನಿಮ್ಮನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟ ಬಂದ್ರು. ಅತ್ತೀ ಫೋನ್ ಬಂದಿತ್ತು, ನಿಮಗ ಬಂದಿತ್ತು, ನೀವ ತಗೊಂಡ್ರಿ. ಅದರಾಗ ನಂದೇನೈತಿ?

ಏನ?... ಇಲ್ಲ, ಹೇಳ್ರಿ, ಕೈ ಹಂಗ್ಯಾಕ ಮಾಡಿದ್ರಿ? ಎಳಿ ಎಳಿಯೂ ಹಂಗ... ಶಾವಗಿ? ಅತ್ತಿ ಶಾವಗಿ ಹೊಸೀತಿದ್ಲೇನು, ನೀವು ಹೋದಾಗ?

ಅಂಗಳದಾಗ ಕುಂತು, ಗಟ್ಟಿಮುಟ್ಟಾಗಿ.

ಹಂಗಾರ ಅವತ್ತ ಗೊತ್ತಾಗೇತಿ ನಿಮಗ. ಬಸ್ ಇಳದ ಗಳಿಗ್ಯಾಗ ಗೊತ್ತಾಗೇತಿ. ಎರಡ ವರ್ಷದಿಂದ ಗೊತ್ತಿದ್ದೂ ದಿನಾ ನನಗ ಚಾ ಮಾಡಿ ಕೊಟ್ಟೀರಿ... ಎಂಥಾ ಮನಷ್ಯಾರ್ರೀ ನೀವು? ಬೈಬೇಕಾಗಿತ್ತು. ಕಪಾಳಕ್ಕ ಹೊಡೀಬೇಕಾಗಿತ್ತು. ಹಿರ್ಯಾರ ಅಲ್ಲೇನು ನೀವು? ಹೊಡದಿದ್ರ ಅಲ್ಲೇ ಮುಗೀತಿತ್ತು, ಆ ಸ್ಟೇಜಿನ ಮ್ಯಾಲೆ ನನ್ನ ಬಾಯಾಗ ಆ ಮಾತ ಬರತಿದ್ದಿಲ್ಲ.

ಹೂಂ, ನಾನ ಫೋನ್ ಮಾಡಿಸೇನಿ. ಎರಡ ದಿನಾ ಅಕ್ಕಾರನ್ನ ಕರಸ್ಕೋರಿ, ಮೈಯಾಗ ಸರಿ ಇಲ್ಲ ಅಂತ ಹೇಳ್ರಿ ಅಂತ ಅತ್ತಿಗೆ ನಾನ ಅಂದೇನಿ. ಲೀಲಾಗ ಒಮ್ಮೆ ಮೂರ ತಿಂಗಳದ್ದು ಹೋಗಿತ್ತು, ನೆನಪೈತಿಲ್ಲೋ? ಎರಡನೇದು ನಿಂತಿತ್ತು. ಧಾರವಾಡದಿಂದ ಬೀಗರ ಬಂದಿದ್ರು ಗಾಡಿ ತುಂಬ. ಬೀಗಿತ್ತಿ ಎದುರಿಗೆ ಕುಂತಾಗ ಏನಾರ ಹೆಚ್ಚುಕಮ್ಮಿ ಆಗಿದ್ರ ಯಾರ ಮ್ಯಾಲೆ ಬರತಿತ್ತು? ನಿಮ್ಮ ಮ್ಯಾಲೇ ಬರತಿತ್ತು. ನಿಮ್ಮನ್ನ ಉಳಿಸೇನಿ ನಾ. ಸಿಟ್ಟಿದ್ದಿಲ್ಲ ಅಕ್ಕಾರ, ಅಂಜಿಕಿ ಇತ್ತು. ತಾಯಿ ಅಂಜಿಕಿ. ದೊಡವ್ವ ಎಲ್ಲಿ, ದೊಡವ್ವ ಎಲ್ಲಿ ಅಂತ ಆಕಿ ಕಟಗಿ ಮಣಿ ಮ್ಯಾಲೆ ಕುಂತ ಕಣ್ಣೀರ ಹಾಕಿದ್ಲು. ಹದಿನೈದ ವರ್ಷ ಆಕಿ ತಲಿ ಹಿಕ್ಕಿದವರು ನೀವು. ನನಗ ಗೊತ್ತಿಲ್ಲೇನು ಅದು? ನನಗ ಕಲ್ಲಿನ ಎದಿ ಐತೇನು?

ಇರ್ಲಿ ಬಿಡ್ರಿ. ಆದದ್ದ ಆತು. ಸುಳ್ಳನ್ನ ಇವತ್ತ ಖರೆ ಮಾಡೂಣು, ಅಷ್ಟ. ನೋಡ್ರಿ, ತಾಟ ತಯಾರ ಮಾಡಿ ತಂದೇನಿ. ಅಕ್ಕಿ, ಕೊಬ್ಬರಿ ಬಟ್ಟಲಾ, ಉತ್ತತ್ತಿ, ಅರಿಷಿಣ ಬೇರ, ಎಲಿ-ಅಡಿಕಿ, ಗುಳೇದಗುಡ್ಡದ ಖಣ. ನಿಮ್ಮ ಸಲವಾಗೇ ಆರಿಸಿ ತಂದ ಖಣ ಅದು, ನಿಮಗ ಕೆಂಪಂಚ ಸೇರತೈತಿ ಅಂತ. ಅವರ ಬರೂದರಾಗ ಒಂದ ಸಲಾ ನಾವಿಬ್ಬರ ಮಾಡಿ ನೋಡೂಣು, ಆಮ್ಯಾಲೆ ಕ್ಯಾಮೆರಾದ ಮುಂದ ತೊದಲೂದು ಬ್ಯಾಡ. ಅವರ ಕೇಳಿದ್ರ ಒಂದ ಮಾತ ಹೇಳ್ರಿ. ಹೌದ್ರಿ, ಈ ಮನ್ಯಾಗ ಮೊದಲನೇ ಉಡಿ ನಂದ ಅಂತ. ಯಾವತ್ತು ಅಂತ ಹೇಳಬ್ಯಾಡ್ರಿ.

ಬರ್ರಿ, ಮಣಿ ಮ್ಯಾಲೆ ಕುಂದರ್ರಿ.

ಅಕ್ಕಾರ... ಬರ್ರಿ ಅಂದ್ನಿ.

ಏನ ಕಡಿಮಿ ಮಾಡೇನ್ರೀ ನಿಮಗ? ಭಾವಾರ ಹೋದಾಗ ನಿಮ್ಮ ತವರಮನಿಯವರ ಕರಿಯಾಕ ಬಂದಿದ್ರು, ಯಾರ ಬ್ಯಾಡ ಅಂದವರು? ನಾನ. ನಾ ಉಟ್ಟಂಥಾ ಸೀರಿನ ನಿಮಗೂ ತಂದೇನಿ, ನೀವು ಉಡದ ಟ್ರಂಕಿನ್ಯಾಗ ಇಟ್ರ ಅದೂ ನನ್ನ ತಪ್ಪೇನು? ಹಬ್ಬಕ್ಕ ನಿಮ್ಮ ತಾಟ ನಾನ ಒಳಗ ತಂದ ಕೊಡತೇನಿ, ನನ್ನ ಕೈಲೆ, ಆಳಮಕ್ಕಳ ಕೈಲೆ ಕಳಸೂದಿಲ್ಲ... ಹೌದು, ಒಳಗ. ಪಂಕ್ತ್ಯಾಗ ನೀವ ಕುಂದರೂದಿಲ್ಲ. ನಾ ಕರೆಯೂದೂ ಇಲ್ಲ, ಆತಲ್ಲ? ನನ್ನ ಕಾಲ ಹಿಡಿ ಅಂತೀರಿ? ಹಿಡೀತೇನಿ. ಆ ಮೂವತ್ತ ಮಂದಿ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ್ರಿ, ಅಷ್ಟ ನಾ ಕೇಳೂದು.

ಎಲ್ಲಿ ಹೊಂಟ್ರಿ? ಚಿಲಕಾ ಮುಟ್ಟಬ್ಯಾಡ್ರಿ, ಹೇಳಾಕತ್ತೇನಿ. ನಾ ಸತ್ರೂ ಇವತ್ತ...

ಓ.

ಮಣಿ ತಗೊಳ್ಳಾಕ ಎದ್ರ್ಯಾ.

ಹೂಂ, ಅಲ್ಲೇ ಹಾಕ್ರಿ, ಮೂಡಲಕ್ಕ ಮಾರಿ ಮಾಡ್ರಿ. ಹಿಂಗ. ಇಷ್ಟ ಇತ್ತ ನೋಡ್ರಿ, ಇಷ್ಟಕ್ಕ ನಿನ್ನಿಯಿಂದ ನನ್ನ ಜೀವಾ ತಿಂದ್ರಿ. ಸೆರಗ ಹಾಸ್ರಿ... ಹಾಸೇ ಬಿಟ್ರಿ. ಇಕಾ, ಅಕ್ಕಿ. ಐದ ಬೊಗಸಿ. ಕೊಬ್ಬರಿ. ಖಣ. ಭಾರ ಆತೇನು? ಹಿಡಕೋರಿ ಗಟ್ಟಿ.

ವಿಭೂತಿ ಯಾಕ ಒರಸಿಕೊಂಡ್ರಿ?

ಹೌದೌದು, ಕುಂಕುಮಾ ಹಚ್ಚಬೇಕಲ್ಲ. ಮಾರಿ ಮ್ಯಾಲೆತ್ತಿದ್ದೂ ಬರೋಬ್ಬರಿ ಐತಿ. ಖರೆ ಅದು ಈಗ ಬ್ಯಾಡ. ಅವರ ಬಂದಾಗ ಹಚ್ಚೂಣು. ಸುಂದರವ್ವ ಬರತಾಳ ಜೋಡಿಲೆ. ಎಲ್ಲಾ ಕಾರ್ಯಕ್ರಮದಾಗ ಕುಂಕುಮಾ ಆಕೀನ ಹಚ್ಚೂದು, ನಾ ತಾಟ ಹಿಡದ ಬಾಜೂಕ ನಿಲ್ಲತೇನಿ. ಫೋಟೋ ಛಲೋ ಬರತಾವು ಅಂತ, ಅಷ್ಟ. ಆಕಿಗೂ ಗಂಡ ಇಲ್ಲ, ಆಕಿಗೇನ ಅಂಜಿಕಿ...

ಹಂಗ ಅನ್ನಲಿಲ್ಲ ನಾ.

ಯಾಕ ಹಂಗ ನೋಡತೀರಿ? ಅಂಜಿಕಿ ಅಂದ್ರ ಆ ಅಂಜಿಕಿ ಅಲ್ಲ. ನಾ ಹಚ್ಚಿದ್ರ ನೀವು ಹೊಳ್ಳಿ ನನಗ ಹಚ್ಚಬೇಕು, ಪದ್ಧತಿ ಐತಲ್ಲ ಅದು. ನಮ್ಮ ಮನಿಯವರಿಗೆ ಹೋದ ತಿಂಗಳ ಎದಿ ಹಿಡದಿತ್ತು. ಭಾವಾರಿಗೂ ಹಿಂಗ ಸುರು ಆಗಿತ್ತು, ಅಂಗಡ್ಯಾಗ... ನಾ ನಂಬೂದಿಲ್ಲ ಅಂಥಾದ್ದು, ನಿಮಗ ಗೊತ್ತೈತಿ. ಹದಿನೆಂಟ ಊರಾಗ ಹೇಳೇನಿ ಮೈಕ್ ಹಿಡದು. ನಂಬೂದಿಲ್ಲ ನಾ. ನೀವರ ಏನಾರ ಅನ್ರಿ. ಬ್ಯಾಡ ಬಿಡು ತಂಗಿ ಅನ್ರಿ. ಒಂದ ಸಲಾ ಅನ್ರಲ್ಲ...

ಗಾಡಿ ಬಂತು. ಅವರದ. ಇಷ್ಟ ಲಗೂ...

ಹಚ್ಚತೇನಿ. ನೋಡ್ರಿ, ಕುಂಕುಮದ ಬಟ್ಟಲಾಗ ಬೆರಳ ಅದ್ದೇನಿ. ಹಚ್ಚತೇನ್ರಿ, ಕಣ್ಣ ಮುಚ್ಚರಿ. ಮುಚ್ಚಬ್ಯಾಡ್ರಿ, ಬ್ಯಾಡ. ಕೈ ಬಿಡ್ರಿ. ಅಕ್ಕಾರ, ನನ್ನ ಕೈ ಬಿಡ್ರಿ, ಬಾಗಲಾ ಬಡಿಯಾಕತ್ತಾರ... ಬಿಡ್ರಿ ಅಂದ್ನಿ...

ನೀವು ಹಿಡದೇ ಇಲ್ಲ. ನಿಮ್ಮ ಎರಡೂ ಕೈ ಸೆರಗಿನ್ಯಾಗ ಅದಾವು.