ಯಾರೆಲಿಯ ಒಂದನೇ ಪಾಠ

ಸೊಕೊರೊ ಊರಿನ ಚರಿತ್ರೆ ಬರೆಯುವವರು ಯಾರಾದರೂ ಇದ್ದರೆ ಇದನ್ನು ಬಿಡುವಂತಿಲ್ಲ: ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಎಲ್ವಿರಾ ಸಾಮಾನಿಯೇಗೋ ಎಂಬ ಅಜ್ಜಿ, ಕಾಳು ಬೇಯುತ್ತಿದ್ದ ಒಲೆಯನ್ನು ಒಂದು ಫೋನಿಗೋಸ್ಕರ ಆರಿಸಿದಳು. ಗಂಡನಿಗೆ ಲಕ್ವ ಹೊಡೆದ ದಿನವೂ ಅದನ್ನು ಸಣ್ಣಗಷ್ಟೇ ಮಾಡಿದ್ದಳು. ಆದರೆ ಇವತ್ತು ಫೋನಿನ ಮೇಲೆ ವಿಶ್ವವಿದ್ಯಾಲಯದ ಹೆಸರು ಬಂದಿತ್ತು, ಮೊಮ್ಮಗಳು ಓದುವುದು ಅಲ್ಲೇ. ಅಡುಗೆಮನೆಯಲ್ಲಿ ಕೇಳಿದ್ದು ಅಜ್ಜಿಯ ಕಡೆಯ ಮಾತಷ್ಟೇ:

"ಹಲೋ... ಹಾಂ, ಯಾರು ಮಾತಾಡೋದು?..."

"ಯಾರು?... ಸ್ವಲ್ಪ ಬೇಗ ಹೇಳಮ್ಮ. ನನ್ನ... ಹೆಸರು... ಅಂತ ಒಂದೊಂದೇ ಮಾತು ಎಣಿಸಿ ಕೊಡ್ತಿದೀಯಲ್ಲ, ಔಷಧಿ ಅಂಗಡಿಯವನ ಹಾಗೆ..."

"ಯಾರೆಲಿ? ನಮ್ಮ ಯಾರೆಲಿನಾ? ಅಯ್ಯೋ ದೇವರೇ, ನಾಲಿಗೆಗೆ ಏನಾಯ್ತೇ? ನಿನ್ನ ತಾತನಿಗೂ ಹೀಗೇ ಶುರುವಾಗಿದ್ದು. ಎಲ್ಲಿ, ಎಡಗೈ ಎತ್ತು ನೋಡೋಣ. ಎತ್ತಿದ್ಯಾ?..."

"ನನ್ನ ಹೆಸರೇನು ಅಂತ ಕೇಳ್ತೀಯಾ? ಹದಿನೆಂಟು ವರ್ಷ ನನ್ನ ಕೈಯಲ್ಲಿ ಉಂಡು, ನನ್ನ ಹೆಸರೇನು ಅಂತೀಯಾ?... ಎಲ್ವಿರಾ. ಬರ್ಕೋ..."

"ಮನೆಗೆ ಯಾವ ಬಣ್ಣ? ಹೋದ ಬೇಸಿಗೆಯಲ್ಲಿ ನೀನೇ ಬಳಿದೆಯಲ್ಲೇ! ಪಕ್ಕದ ಮನೆ ಫ್ರೊಯ್ಲಾನ್ ಮೇಲೆ ಡಬ್ಬಿ ಚೆಲ್ಲಿ, ಅವನು ಒಂದು ಮಾತು ಅಂದಿದ್ದಕ್ಕೆ ಅವನ ಮೂರು ತಲೆಮಾರನ್ನೂ ಸ್ಪ್ಯಾನಿಷ್‌ನಲ್ಲೇ ಜಾಲಾಡಿದ್ದೆ, ಮರೆತುಹೋಯ್ತಾ?..."

"ಮೆಲ್ಲಗೆ ಯಾಕೆ ಮಾತಾಡ್ಬೇಕು?... ಪಕ್ಕದಲ್ಲಿ ಯಾರಿದಾರೆ?... ಟೀಚರಾ? ಪರೀಕ್ಷೆನಾ? ಯಾವುದರದ್ದು?... ಸ್ಪ್ಯಾನಿಷ್. ಒಂದನೇ ಪಾಠ. ಏನೂ ಬರದವರ ತರಗತಿ, ಅಲ್ವಾ? ಹಾಂ. ಈಗ ಗೊತ್ತಾಯ್ತು, ಇದು ಎಂಥ ಲಕ್ವ ಅಂತ..."

"ಫೋನ್ ಅವರಿಗೆ ಕೊಡು... ಕೊಡೇ ಅಂದ್ರೆ!..."

"ನಮಸ್ಕಾರ ಮೇಡಂ. ಅಜ್ಜಿ, ಹೌದು, ಅವಳಪ್ಪನ ತಾಯಿ... ಏನಂದ್ಳು? ಪಕ್ಕದ ಮನೆಯವಳು ಅಂದ್ಳಾ?... ಸ್ಪ್ಯಾನಿಷ್ ಬರೋ ಯಾರಿಗಾದ್ರೂ ಫೋನ್ ಮಾಡಿ ಅಂದ್ರಾ? ಇವಳಿಗೆ ಬೇರೆ ಯಾರ ನಂಬರೂ ಬಾಯಿಗೆ ಬರಲ್ವಂತಾ? ಬರಲ್ಲ ಬಿಡಿ, ನಾಲ್ಕನೇ ವಯಸ್ಸಿಗೆ ಈ ನಂಬರನ್ನ ನಾನೇ ಬಾಯಿಪಾಠ ಮಾಡಿಸಿದ್ದು..."

"ಫಾರ್ಮಿನಲ್ಲಿ ಏನು ಬರೆದಿದಾಳೆ?... ಮನೆಯಲ್ಲಿ ಸ್ಪ್ಯಾನಿಷ್ ಆಡುವವರು ಯಾರೂ ಇಲ್ಲ... ಯಾರೂ ಇಲ್ಲ. ಹಾಗಾದ್ರೆ ಆ ಮನೆಯಲ್ಲಿ ನಾನ್ಯಾರು ಮೇಡಂ, ಫ್ರಿಜ್ಜಾ?..."

"ಥೂ! ಹೇಸಿಗೆ ಆಗುತ್ತೆ ನನಗೆ. ಚಿಕ್ಕವಳಿದ್ದಾಗ ಇಂಗ್ಲಿಷ್ ಶಾಲೆಯಲ್ಲಿ ಈ ಭಾಷೆ ಆಡಿದೆ ಅಂತ ಹಲಗೆ ತಗೊಂಡು ಬಾರಿಸಿದ್ರು ನನಗೆ. ನಾನು ಬಾಯಿ ಮುಚ್ಚಲಿಲ್ಲ. ಇವಳಿಗೆ ಯಾರೂ ಒಂದೇಟು ಹಾಕಿಲ್ಲ, ಸುಲಭದ ಮಾರ್ಕಿಗೆ ತಾನೇ ಮುಚ್ಕೊಂಡು ಕೂತಿದಾಳೆ. ಥೂ..."

"ನಂಬಿಕೆ ಬರಲ್ವಾ? ಮೂರು ವಾರದಿಂದ ಹೀಗೇ ತೊದಲ್ತಿದಾಳಾ?... ಒಂದ್ನಿಮಿಷ, ಫೋನ್ ಅವಳ ಕಿವಿಗೆ ಹಿಡೀರಿ... ಸ್ಪೀಕರ್ ಹಾಕಿದೀರಾ? ಇನ್ನೂ ಒಳ್ಳೇದು..."

"ಯಾರೆಲಿ, ಮಗಳೇ, ಒಂದು ವಿಷಯ ಹೇಳೋದೇ ಮರೆತಿದ್ದೆ. ನಿನಗೆ ಹದಿನೈದು ತುಂಬಿದ ಹಬ್ಬಕ್ಕೆ ಹೊಲಿಸಿದ ಗುಲಾಬಿ ಗೌನ್ ಇತ್ತಲ್ಲ, ಅದನ್ನ ನಿನ್ನ ಚಿಕ್ಕಪ್ಪನ ಮಗಳು ಮಾರಿಬೆಲ್‌ಗೆ ಕೊಟ್ಬಿಟ್ಟೆ. ಸೊಂಟದ ಹತ್ರ ಒಂದಿಷ್ಟು ಕತ್ತರಿಸಿದ್ವಿ. ಪಾಪ, ಅವಳು ನಿನ್ನಷ್ಟು ದಪ್ಪ ಇಲ್ವಲ್ಲ..."

"..."

"ಹಾಂ... ಹಾಂ... ಅವಳಮ್ಮನ್ನ ಯಾಕೆ ಎಳೀತೀಯ?... ಹಂದಿ ಅನ್ನಬೇಡ ಕಣೇ, ಚರ್ಚಿನಲ್ಲಿ ಹಾಡ್ತಾಳೆ ಅವಳು... ಉಸಿರು ತಗೊಳ್ಳೇ, ಉಸಿರು!..."

"ಕೇಳಿಸ್ತಾ ಮೇಡಂ? ಎಲ್ಲಾ ಸ್ಪ್ಯಾನಿಷ್‌ನಲ್ಲೇ, ಒಂದು ತೊದಲೂ ಇಲ್ಲ. ಎಷ್ಟು ಅರ್ಥ ಆಯ್ತು?... ಅರ್ಧವಾ? ಪರವಾಗಿಲ್ಲ, ಎರಡು ಬೈಗುಳ ನನಗೂ ಹೊಸದು..."

"ಈಗ ಯಾಕಂತೆ ಅಳೋದು?... ಮನೆಮಾತೇ ಸ್ಪ್ಯಾನಿಷ್ ಆಗಿರೋರ ತರಗತಿಗೆ ಹೋದ್ರೆ ಬರೆಯಕ್ಕೆ ಬರಲ್ಲ, ಎಲ್ಲರೂ ನಗ್ತಾರೆ ಅಂತಾನಾ?... ನಗಲಿ ಬಿಡೇ. ನನಗೂ ಬರೆಯಕ್ಕೆ ಬರಲ್ಲ. ಮೊದಲು ನೀನು ಕಲಿ, ಆಮೇಲೆ ನನಗೆ ಕಲಿಸು. ಮೇಡಂ, ಹಾಕಿ ಅವಳನ್ನ ಆ ತರಗತಿಗೆ. ಇಂಥ ಅಸಹ್ಯ ಇನ್ನೊಂದ್ಸಲ ನನ್ನ ಕಿವಿಗೆ ಬೀಳಬಾರದು... ಏನೇ? ಗೌನಾ? ನಿಜವಾಗ್ಲೂ ಕೊಟ್ನಾ ಅಂತಲಾ? ಅದೇನಂದ್ರೆ... ಹಲೋ?... ಹಲೋ?..."

ಲೈನ್ ಕಟ್ಟಾಗಿತ್ತು. ಅಜ್ಜಿ ಮತ್ತೆ ಒಲೆ ಹಚ್ಚಿದಳು. ಗುರುವಾರದಿಂದ ಯಾರೆಲಿ ಮನೆಮಾತಿನವರ ತರಗತಿಯಲ್ಲಿ ಕೂತಳು.