ಮುದುರಿದ ಬೆಡ್‌ಶೀಟು

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಒಬ್ಬ ತಾಯಿ ಮತ್ತು ಆಕೆಯ ಮಗಳು ಕೂತಿದ್ದರು. ಎದುರಿನ ವಸತಿಶಾಲೆಯಲ್ಲಿ ಇಂಟರ್‌ವ್ಯೂ ಮುಗಿಸಿ ಬಂದವರು.

“ಹಾಸ್ಟೆಲ್ ತೋರಿಸೋಕೆ ಕರ್ಕೊಂಡು ಹೋದ್ರೆ ಸುಮ್ನೆ ನೋಡ್ಕೊಂಡು ಬರೋದಲ್ವಾ ಅಮ್ಮ? ಯಾರದೋ ಹಾಸಿಗೆ ಸರಿಮಾಡೋಕೆ ಯಾಕೆ ಹೋದೆ?”

“ಬೆಡ್‌ಶೀಟು ಮುದುರಿತ್ತು ಕಣೇ. ಕೈ ತಾನಾಗೇ ಹೋಯ್ತು. ಆಸ್ಪತ್ರೇಲಿ ದಿನಾ ಮಾಡೋದೇ ಅಲ್ವಾ?”

“ಎಲ್ಲರ ಅಪ್ಪ ಅಮ್ಮಂದಿರೂ ನಿನ್ನೇ ನೋಡ್ತಿದ್ರು. ನಾನು ಹಿಡಿಯಷ್ಟಾಗಿಬಿಟ್ಟೆ.”

“ಅದಕ್ಕೇ ವಾರ್ಡನ್ ಕೇಳಿದಾಗ ನಮ್ಮಮ್ಮ ನರ್ಸು ಅಂದ್ಬಿಟ್ಟೆಯಾ?”

“ಹ್ಞೂಂ. ಆಮೇಲೆ ನಿನ್ನೊಬ್ಬಳನ್ನೇ ಇಂಟರ್‌ವ್ಯೂಗೆ ಕರೆದು ಕೇಳಿದಾಗ ನೀನೇನಂದೆ?”

“ನರ್ಸು ಅಂತಲೇ ಅಂದೆ. ಅಷ್ಟು ಜನರ ಮುಂದೆ ನಿನ್ನ ಮಾತು ಸುಳ್ಳು ಮಾಡೋಕಾಗುತ್ತಾ?”

ಮಗಳು ತಲೆ ತಗ್ಗಿಸಿದಳು.

“ಆಸ್ಪತ್ರೆ ಆಯಾ ಅಂತ ನಿಜ ಹೇಳಿದ್ದಿದ್ರೆ ಸೀಟು ಕೊಡ್ತಿರ್ಲಿಲ್ವೇನೇ?”

“ಕೊಡ್ತಿದ್ರು. ನಮ್ಮ ಸ್ಕೂಲಲ್ಲಿ ಕಸ ಗುಡಿಸೋ ಅಕ್ಕನ ಮಗಳಿಗೂ ಹೋದ್ವರ್ಷ ಇಲ್ಲೇ ಸಿಕ್ಕಿದೆ.”

“ಅದು ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು.”

ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಎದ್ದರು. ಕೂತು ಕೂತು ಮಗಳ ಲಂಗ ಹಿಂದೆ ಸುಕ್ಕಾಗಿತ್ತು. ಅದನ್ನು ಸರಿಮಾಡಲು ತಾಯಿ ಕೈ ಚಾಚಿದಳು. ನಂತರ ಆ ಕೈಯನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡು ಬಸ್ಸು ಹತ್ತಿದಳು.